ರೊಟ್ಟಿ ಗಂಟಿನ ಜೊತೆಗೊಂದು ನೋಟ್‌ಬುಕ್

ಕಲಬುರಗಿ ಜಿಲ್ಲೆಯ ಆಳಂದ ಕಡೆ ನಮ್ಮದು ಆರು ಎಕರೆ ಎರೆ ಹೊಲ, ಅಂದರೆ ಕಪ್ಪು ಮಣ್ಣಿನದು. ಮಳೆಯೇ ಆಧಾರ. ಮುಂಗಾರಿಗೆ ತೊಗರಿ, ಹಿಂಗಾರಿಗೆ ಒಂದಿಷ್ಟು ಜೋಳ. 2019ರಲ್ಲಿ ಕಲಬುರಗಿ ತೊಗರಿಗೆ ಜಿಐ ಟ್ಯಾಗ್, ಅಂದರೆ ಇದು ಈ ನೆಲದ್ದೇ ವಿಶೇಷ ಬೆಳೆ ಅನ್ನುವ ಸರ್ಕಾರಿ ಗುರುತು, ಸಿಕ್ಕಿತು. ಎಲ್ಲರ ಬಾಯಲ್ಲೂ ಅದೇ ಮಾತು. ಅದೇ ವರ್ಷ ನಾನು ಎರಡು ಎಕರೆ ಮಾರಿ ಸಾಲ ತೀರಿಸಲು ಗಿರಾಕಿ ಹುಡುಕುತ್ತಿದ್ದೆ.

ಅವ್ವ ಒಂದೇ ಮಾತು ಕೇಳಿದಳು: "ಮತ್ ಸಾಲ ಆದ್ರ ಆವಾಗ ಏನ್ ಮಾರ್ತಿ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ರಾತ್ರಿ ಒಂದು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದೆ: ಇನ್ನು ಇಪ್ಪತ್ತು ವರ್ಷಕ್ಕೆ ಈ ಆರೂ ಎಕರೆ ನಮ್ಮ ಕೈಯಲ್ಲೇ ಇರಬೇಕು. ಮಣ್ಣು ಈಗಿರುವುದಕ್ಕಿಂತ ಚಲೋ ಇರಬೇಕು.

ಅದರ ಕೆಳಗೆ ಉದ್ದನೆಯ ಪಟ್ಟಿ ಮಾಡಿದೆ. ನಸುಕಿನ ನಾಲ್ಕಕ್ಕೆ ಏಳುವುದು, ದಿನಾ ಒಂದು ತಾಸು ಓದುವುದು, ರಾತ್ರಿ ಲೆಕ್ಕ ಬರೆಯುವುದು, ಎರೆಹುಳು ಗೊಬ್ಬರದ ತೊಟ್ಟಿ, ಬದುವಿಗೆ ಗಿಡ. ಎಲ್ಲಾ ಒಟ್ಟಿಗೇ. ಹದಿನೈದು ದಿನ ನಡೆಯಿತು. ಆಮೇಲೆ ಮದುವೆಗಳು ಬಂದವು, ಬಿಸಿಲು ಬಂತು, ನೋಟ್‌ಬುಕ್ ಅಟ್ಟ ಸೇರಿತು.

ಮತ್ತೆ ಶುರು ಮಾಡುವಾಗ ಬೇರೆ ತರಹ ಯೋಚಿಸಿದೆ. ನಾನು ಒಂದು ದಿನವೂ ಮರೆಯದ ಕೆಲಸ ಯಾವುದು? ಬುತ್ತಿ ಒಯ್ಯುವುದು. ಹಾಗಾಗಿ ನೋಟ್‌ಬುಕ್ಕನ್ನು ರೊಟ್ಟಿ ಗಂಟಿನ ಜೊತೆಗೇ ಇಡಲು ಮನೆಯಲ್ಲಿ ಹೇಳಿದೆ. ಬನ್ನಿ ಗಿಡದ ಕೆಳಗೆ ಉಂಡು ಕೈ ತೊಳೆದ ಮೇಲೆ ಮೂರೇ ಸಾಲು. ಮಳೆ ಎಷ್ಟು, ಖರ್ಚು ಎಷ್ಟು, ಇವತ್ತು ಹೊಲದಲ್ಲಿ ಏನು ಕಂಡೆ. ತಪ್ಪಿದ ದಿನದ ಪುಟ ಖಾಲಿಯೇ ಇರಲಿ, ಹಿಂದಿನದು ತುಂಬುತ್ತಾ ಕೂರಬಾರದು ಅಂತ ಮೊದಲೇ ಗಟ್ಟಿ ಮಾಡಿಕೊಂಡೆ. ಖಾಲಿ ಪುಟಗಳು ಬೇಕಾದಷ್ಟಿವೆ.

ಮಳೆ ಅಳೆಯುವ ಡಬ್ಬಿ ತಂದಿಟ್ಟ ಮೇಲೆ ನನ್ನ ಕಣ್ಣೇ ಬೇರೆ ಆಯಿತು. 1 ಮಿಲಿಮೀಟರ್ ಮಳೆ ಅಂದರೆ ಒಂದು ಚದರ ಮೀಟರಿಗೆ 1 ಲೀಟರ್ ನೀರು. ಎಕರೆ ಅಂದರೆ ಸುಮಾರು 4,000 ಚದರ ಮೀಟರ್. ಒಂದು ರಾತ್ರಿ 38 ಮಿ.ಮೀ. ಸುರಿಯಿತು. ಬೆಳಿಗ್ಗೆ ಲೆಕ್ಕ ಹಾಕಿದೆ: ಎಕರೆಗೆ ಒಂದೂವರೆ ಲಕ್ಷ ಲೀಟರ್! ಹೊಲಕ್ಕೆ ಹೋಗಿ ನೋಡಿದರೆ ಬದು ಒಡೆದು, ಕಪ್ಪು ನೀರು ಹಳ್ಳದ ಕಡೆ ಹರಿದಿತ್ತು. ನೀರೂ ಹೋಯಿತು, ಮಣ್ಣೂ ಹೋಯಿತು. ಮೊದಲ ಪುಟದಲ್ಲಿ ಬರೆದದ್ದೇ ಹಳ್ಳ ಸೇರುತ್ತಿತ್ತು, ಅಲ್ವಾ?

ಅವತ್ತಿನಿಂದ ಹೊಲಕ್ಕೆ ಹೋದ ದಿನ ಬದುವಿಗೆ ಐದು ಬುಟ್ಟಿ ಮಣ್ಣು. ಹತ್ತು ನಿಮಿಷದ ಕೆಲಸ. ಮಳೆ ಆದ ಮೇಲೆ ಎರೆ ಮಣ್ಣು ಸಲಿಕೆಗೆ ಅಂಟುತ್ತದೆ, ಆಗ ಬಿಡುತ್ತೇನೆ. ಕೆಳಗಿನ ಬದು ಗಟ್ಟಿಯಾಗಲು ಎರಡು ವರ್ಷ ಹಿಡಿಯಿತು. ಜೆಸಿಬಿ ತಂದಿದ್ದರೆ ಒಂದೇ ದಿನದ ಕೆಲಸ, ಆದರೆ ಬಾಡಿಗೆಗೆ ಮತ್ತೆ ಸಾಲ ಮಾಡಬೇಕಿತ್ತು.

ಖರ್ಚಿನ ಸಾಲು ಇನ್ನೊಂದು ವಿಷಯ ತೋರಿಸಿತು. ನನ್ನ ಹಣ ಜಾಸ್ತಿ ಹೋಗುತ್ತಿದ್ದದ್ದು ಹುಳದ ಔಷಧಿಗೆ, ಅದೂ ಅಂಗಡಿಯ ಉದ್ರಿಯಲ್ಲಿ. ತೊಗರಿ ಹೂ ಬಿಟ್ಟಾಗ ಪಕ್ಕದ ಹೊಲದವರು ಹೊಡೆದರೆ ನಾನೂ ಹೊಡೆಯುತ್ತಿದ್ದೆ. ಕಾಯಿಕೊರಕ ಇದೆಯೋ ಇಲ್ಲವೋ ನೋಡುತ್ತಲೇ ಇರಲಿಲ್ಲ. ಈಗ ಅಲ್ಲಲ್ಲಿ ಇಪ್ಪತ್ತು ಗಿಡ ನೋಡಿ ಹುಳ ಎಣಿಸಿ ಬರೆಯುತ್ತೇನೆ. ವಾಸನೆಯಿಂದ ಗಂಡು ಪತಂಗ ಸೆಳೆದು ಹಿಡಿಯುವ ಮೋಹಕ ಬಲೆ ಕಟ್ಟಿದ್ದೇನೆ. ಹುಳ ಕಡಿಮೆ ಇದ್ದರೆ ಹಿರಿಯರ ಹಾಗೆ ಗಿಡದ ಕೆಳಗೆ ತಾಡಪತ್ರಿ ಹಾಸಿ, ಗಿಡ ಅಲ್ಲಾಡಿಸಿ ಉದುರಿಸುತ್ತೇವೆ. ಜಾಸ್ತಿ ಆದರೆ ಮಾತ್ರ ಔಷಧಿ.

"ಏನ್ ತಮ್ಮಾ, ಹುಳ ಎಣಸ್ಲಾಕತ್ತೀ?" ಅಂತ ಪಕ್ಕದ ಹೊಲದ ಕಾಕಾ ನಿಂತು ನೋಡಿದರು. ಒಂದು ವರ್ಷ ಪೆಟ್ಟೂ ಬಿತ್ತು. ವಾರಕ್ಕೊಮ್ಮೆ ಎಣಿಸಿದರೆ ಸಾಕು ಅಂದುಕೊಂಡಿದ್ದೆ. ನಡುವೆ ಮೋಡ ಮುಸುಕಿತು, ಹುಳ ಹೆಚ್ಚಿತು, ಒಂದು ಎಕರೆ ಕಾಯಿ ಹುಳದ ಪಾಲಾಯಿತು. ಈಗ ಮೋಡ ಇದ್ದರೆ ದಿನ ಬಿಟ್ಟು ದಿನ ಎಣಿಸುತ್ತೇನೆ.

ವರ್ಷದ ಲೆಕ್ಕಕ್ಕೆ ನಾನು ಇಟ್ಟುಕೊಂಡ ದಿನ ಎಳ್ಳಮಾವಾಸ್ಯೆ. ನಮ್ಮ ಕಡೆ ಅವತ್ತು ಮನೆ ಮಂದಿಯೆಲ್ಲ ಹೊಲದಲ್ಲೇ ಇರುತ್ತಾರೆ. ಚರಗ ಚೆಲ್ಲಿ (ಹೊಲಕ್ಕೆ ನೈವೇದ್ಯ ಎರಚಿ), ಸಜ್ಜೆ ರೊಟ್ಟಿ, ಕಡುಬು, ಭಜ್ಜಿ ಉಂಡ ಮೇಲೆ ನೋಟ್‌ಬುಕ್ಕಿನ ಮೊದಲ ಪುಟ ಎಲ್ಲರಿಗೂ ಕೇಳುವ ಹಾಗೆ ಓದುತ್ತೇನೆ. ನಾವು ಅದರ ಕಡೆಗೇ ಹೋಗುತ್ತಿದ್ದೇವಾ ಅಂತ ಕೇಳುತ್ತೇನೆ. ಮನೆಯವರ ಮುಂದೆ ಓದುವಾಗ ಸುಮ್ನೆ ತೇಲಿಸಿ ಮಾತಾಡಲು ಆಗುವುದಿಲ್ಲ. ನನಗೆ ಇದರಷ್ಟು ಉಪಯೋಗ ಬೇರೆ ಯಾವುದರಿಂದಲೂ ಆಗಿಲ್ಲ.

ಅಂಗಡಿಯ ಉದ್ರಿ ತೀರಿದೆ. ಬ್ಯಾಂಕಿನ ಸಾಲ ಇನ್ನೂ ಇದೆ. ಹೊಲ ಆರು ಎಕರೆಯೇ ಇದೆ. ಹೋದ ಎಳ್ಳಮಾವಾಸ್ಯೆಗೆ ಅವ್ವ ಬದುವಿನ ಹುಣಸೆ ಸಸಿ ತೋರಿಸಿ, "ಅದಕ್ಕ ನೀರ್ ಸಾಲಲ್ಲ, ಬರಕೋ" ಅಂದಳು. ಮಗಳು ಪೆನ್ನು ತೆಗೆದುಕೊಂಡು ಬರೆದಳು: ವಾರಕ್ಕೆ ಎರಡು ಕೊಡ, ಯುಗಾದಿ ತನಕ.