ಬಸಿಗಾಲುವೆಯ ಬಸವನಹುಳು: ಎಷ್ಟಿವೆ ಅನ್ನುವುದಕ್ಕಿಂತ ಯಾವುದು ಉಳಿದಿದೆ ನೋಡಿ

ನೀರನ್ನು ಬಾಟಲಿಯಲ್ಲಿ ತುಂಬಿ ಲ್ಯಾಬಿಗೆ ಕೊಟ್ಟರೆ ಆ ಗಳಿಗೆಯ ನೀರು ಹೇಗಿತ್ತು ಅಂತ ಗೊತ್ತಾಗುತ್ತದೆ, ಅಷ್ಟೇ. ನಮ್ಮ ಯಾದಗಿರಿ ಜಿಲ್ಲೆಯ ಶಹಾಪುರದ ಕಡೆ ಅದು ಸಾಲುವುದಿಲ್ಲ. ಎಣ್ಣೆ, ಅಂದರೆ ಕೀಟನಾಶಕ, ಹೊಡೆದ ಗದ್ದೆಯಿಂದ ಹೊರಬಿಟ್ಟ ನೀರು ಬಸಿಗಾಲುವೆ (ಹೊಲದ ಹೆಚ್ಚಿನ ನೀರು ಹರಿದುಹೋಗುವ ಕಾಲುವೆ) ಹಿಡಿದು, ಹಳ್ಳ ಸೇರಿ, ಭೀಮೆಗೋ ಕೃಷ್ಣೆಗೋ ಹೋಗಿಬಿಡುತ್ತದೆ. ನಾವು ಬಾಟಲಿ ಹಿಡಿದು ಹೋಗುವ ಹೊತ್ತಿಗೆ ಅಲ್ಲಿ ತಿಳಿನೀರು. ಮೀನು ಈಜಿ ಪಾರಾಗುತ್ತದೆ. ನೀರಿನ ಕೀಟಕ್ಕೆ ರೆಕ್ಕೆ ಇದ್ದರೆ ಹಾರಿಹೋಗುತ್ತದೆ. ಬಸವನಹುಳು ಮಾತ್ರ ತಿಂಗಳುಗಟ್ಟಲೆ ಅದೇ ಕಲ್ಲು, ಅದೇ ಕೆಸರಿನಲ್ಲಿ ಬಾಳಬೇಕು. ಕಳೆದ ಹಂಗಾಮಿನಲ್ಲಿ ನೀರಿಗೆ ಏನೇನಾಯಿತು ಅನ್ನುವುದರ ಗುರುತು ಅದರ ಮೇಲೆ ಉಳಿದಿರುತ್ತದೆ.

ನಾನು ಡಿಗ್ರಿ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುವವನು. ನಮ್ಮ ವಿದ್ಯಾರ್ಥಿಗಳಲ್ಲಿ ಬಹಳಷ್ಟು ಜನ ನಾರಾಯಣಪುರ ಎಡದಂಡೆ ಕಾಲುವೆಯ ಊರುಗಳವರು. ಜೋಳ, ತೊಗರಿ ಬೆಳೆಯುತ್ತಿದ್ದ ಹೊಲಗಳಿಗೆ ಕಾಲುವೆ ನೀರು ಬಂದ ಮೇಲೆ ಭತ್ತ ಬಂತು. ಭತ್ತದ ಜೊತೆ ಯೂರಿಯಾ, ಔಷಧ ಎಲ್ಲ ಬಂತು. ಪ್ರಾಜೆಕ್ಟ್ ಅಂದರೆ ಮೊಬೈಲಿನಿಂದ ಇಳಿಸಿ, ಬೈಂಡಿಂಗ್ ಮಾಡಿಸಿ ಕೊಡುವುದು ರೂಢಿಯಾಗಿತ್ತು. ಅದರ ಬದಲು ಹಳ್ಳಕ್ಕೆ ಇಳಿಯೋಣ ಅಂತ ಈ ಕೆಲಸ ಹಿಡಿದೆವು.

ಸಾಮಾನು ಏನೂ ದೊಡ್ಡದಿಲ್ಲ. ಹಿಟ್ಟು ಸೋಸುವ ಜರಡಿ, ಬಿಳಿ ಪ್ಲಾಸ್ಟಿಕ್ ಟ್ರೇ, ನೀರಿನ ಆಮ್ಲ-ಕ್ಷಾರ ಗುಣ ತೋರಿಸುವ ಪಿಎಚ್ ಪೇಪರ್, ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಅಮೋನಿಯಾ ಪರೀಕ್ಷೆಯ ಕಿಟ್, ಒಂದು ಭೂತಗನ್ನಡಿ. ಇದರ ಜೊತೆ ಗಮ್‌ಬೂಟು ಮತ್ತು ರಬ್ಬರ್ ಕೈಗವಸು. ಈ ಎರಡನ್ನು ನಾನು ಕಡ್ಡಾಯ ಮಾಡಿದ್ದೇನೆ. ಗದ್ದೆ ನೀರಿನಲ್ಲಿ ಬಸವನಹುಳುವಿನಿಂದ ಹೊರಬೀಳುವ ಚಪ್ಪಟೆ ಹುಳುಗಳ ಮರಿಗಳು ಚರ್ಮದೊಳಗೆ ತೂರಿ ತುರಿಕೆ ತರುತ್ತವೆ. ನಾಟಿ ಹಚ್ಚುವ ಹೆಣ್ಣುಮಕ್ಕಳನ್ನು ಕೇಳಿ ನೋಡಿ, ಮೊಣಕಾಲ ಕೆಳಗಿನ ತುರಿಕೆಯ ಬಗ್ಗೆ ಅವರೇ ಹೇಳುತ್ತಾರೆ.

ಜಾಗ ಆರಿಸುವುದರಲ್ಲೇ ಅರ್ಧ ಕೆಲಸ ಇದೆ. ಮೇಲೆ ಕಾಲುವೆಯ ನೀರು ಬರುವ ಕಡೆ ಒಂದು, ಗದ್ದೆ ಸಾಲು ದಾಟಿದ ಮೇಲೆ ಬಸಿಗಾಲುವೆಯಲ್ಲಿ ಒಂದು, ಊರ ಚರಂಡಿ ಕೂಡಿದ ಮೇಲೆ ಹಳ್ಳದಲ್ಲಿ ಒಂದು. ಮೂರೂ ಕಡೆ ತಳ ಒಂದೇ ಥರ ಇರಬೇಕು. ಒಂದು ಕಡೆ ಕಲ್ಲು, ಇನ್ನೊಂದು ಕಡೆ ಕೆಸರು ಇದ್ದರೆ ಹೋಲಿಸಿ ಉಪಯೋಗವಿಲ್ಲ. ಮೂರೂ ಕಡೆ ಅದೇ ವ್ಯಕ್ತಿ, ಅಷ್ಟೇ ಹೊತ್ತು ಹುಡುಕಬೇಕು. ನಾವು ಪ್ರತಿ ಜಾಗಕ್ಕೆ ಅರ್ಧ ಗಂಟೆ ಇಟ್ಟುಕೊಂಡಿದ್ದೇವೆ. ಹೋಗುವ ಕಾಲವೂ ಮುಖ್ಯ. ಮಳೆಗಾಲದ ಹೊಡೆತಕ್ಕೆ ಹುಳು ಕೊಚ್ಚಿಕೊಂಡು ಹೋಗುತ್ತವೆ. ಬೇಸಿಗೆಯಲ್ಲಿ ಕಾಲುವೆ ಬಂದ್ ಆದಾಗ ಪೈಲಾ ಅನ್ನುವ ದೊಡ್ಡ ಬಸವನಹುಳುವಿನಂಥವು ಬಾಯಿ ಮುಚ್ಚಿಕೊಂಡು ಕೆಸರಿನೊಳಗೆ ಮಲಗಿಬಿಡುತ್ತವೆ. ಆಗ ಹೋಗಿ ಹುಳು ಸಿಗಲಿಲ್ಲ ಅಂತ ವಿಷದ ಮೇಲೆ ತಪ್ಪು ಹೊರಿಸಿದರೆ ಅದು ಸುಮ್ನೆ ಮಾತು. ದೀಪಾವಳಿ ಸುತ್ತಮುತ್ತ, ನೀರು ಸಮ ಹರಿಯುವಾಗ ನಮಗೆ ಅನುಕೂಲ.

ಸಿಗುವ ಹುಳುಗಳನ್ನು ನಾನು ಎರಡು ಗುಂಪು ಮಾಡಿಸುತ್ತೇನೆ. ಮೊದಲನೆಯದು ಕಿವಿರಿನಿಂದ ಉಸಿರಾಡುವವು. ಚಿಪ್ಪಿನ ಬಾಯಿಗೆ ಒಂದು ಮುಚ್ಚಳ ಇರುತ್ತದೆ. ಬೆಲ್ಲಾಮಿಯಾ ಈ ಜಾತಿ. ಉದ್ದ ಮೊಳೆಯ ಆಕಾರದ ಮೆಲನಾಯ್ಡಿಸ್ ಕೂಡ. ದೊಡ್ಡ ಪೈಲಾಕ್ಕೆ ಕಿವಿರೂ ಉಂಟು, ಗಾಳಿ ಎಳೆಯುವ ಚೀಲವೂ ಉಂಟು. ಎರಡನೆಯ ಗುಂಪಿಗೆ ಮುಚ್ಚಳವಿಲ್ಲ. ಇವು ನೀರಿನ ಮೇಲಕ್ಕೆ ಬಂದು ಗಾಳಿ ತೆಗೆದುಕೊಳ್ಳುತ್ತವೆ. ತೆಳು ಚಿಪ್ಪಿನ ಲಿಮ್ನಿಯಾ, ಚಪ್ಪಟೆಯಾಗಿ ಸುತ್ತಿಕೊಂಡ ಇಂಡೋಪ್ಲಾನೋರ್ಬಿಸ್ ಇದರಲ್ಲಿ ಬರುತ್ತವೆ. ಹೆಸರು ಬಾಯಿಪಾಠ ಮಾಡಬೇಕಿಲ್ಲ. ಮುಚ್ಚಳ ಇದೆಯೋ ಇಲ್ಲವೋ ನೋಡಿದರೆ ಸಾಕು.

ಈಗ ವಿಷಯಕ್ಕೆ ಬರುತ್ತೇನೆ. ಮೂರೂ ಜಾಗದ ಒಟ್ಟು ಎಣಿಕೆ ಇಟ್ಟು ನೋಡಿದರೆ ಚರಂಡಿ ನೀರಿನ ಜಾಗವೇ ಶ್ರೀಮಂತ ಅನ್ನಿಸುತ್ತದೆ. ಅಲ್ಲಿ ಹುಳು ಜಾಸ್ತಿ. ವಿದ್ಯಾರ್ಥಿಗಳು ಖುಷಿಯಿಂದ ‘ಸರ, ಇಲ್ಲಿ ನೀರು ಚಲೋ ಅದ’ ಅಂತಾರೆ. ಗುಂಪು ಮಾಡಿಸಿದರೆ ಕಥೆ ತಿರುಗಿಬೀಳುತ್ತದೆ. ಮೇಲಿನ ಕಾಲುವೆಯಲ್ಲಿ ಬೆಲ್ಲಾಮಿಯಾ ಇದೆ, ದೊಡ್ಡದೂ ಇದೆ, ಮರಿಯೂ ಇದೆ. ಬಸಿಗಾಲುವೆಗೆ ಬಂದರೆ ದೊಡ್ಡವು ಅಲ್ಲೊಂದು ಇಲ್ಲೊಂದು, ಮರಿ ಕಾಣುವುದಿಲ್ಲ. ಚರಂಡಿ ಕೂಡಿದ ಮೇಲೆ ಲಿಮ್ನಿಯಾ, ಇಂಡೋಪ್ಲಾನೋರ್ಬಿಸ್ ಬಿಟ್ಟರೆ ಹೆಚ್ಚೇನಿಲ್ಲ. ಮೆಲನಾಯ್ಡಿಸ್‌ಗೆ ಕಿವಿರಿದ್ದರೂ ಕೊಳಕಿಗೆ ಗಟ್ಟಿ ಪಿಂಡ, ಅದು ಎಲ್ಲ ಕಡೆ ಸಿಗುತ್ತದೆ. ಹಾಗಾಗಿ ಅದನ್ನು ನಾನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಕಿವಿರಿನ ಹುಳು ಯಾಕೆ ಮೊದಲು ಹೋಗುತ್ತದೆ? ಆಮ್ಲಜನಕ ಕಡಿಮೆಯಾಗುವುದು ಒಂದು ಕಾರಣ. ನಮ್ಮ ಕಡೆ ಅಷ್ಟೇ ದೊಡ್ಡ ಕಾರಣ ಅಮೋನಿಯಾ ಇರಬೇಕು ಅನ್ನುವುದು ನನ್ನ ಅಭಿಪ್ರಾಯ. ಯೂರಿಯಾ ಗದ್ದೆ ನೀರಿನಲ್ಲಿ ಒಡೆದು ಅಮೋನಿಯಂ ಆಗುತ್ತದೆ. ಅದರಲ್ಲಿ ಎಷ್ಟು ಭಾಗ ವಿಷದ ರೂಪದ ಅಮೋನಿಯಾ ಆಗುತ್ತದೆ ಅನ್ನುವುದು ಪಿಎಚ್ ಮತ್ತು ಬಿಸಿಯ ಮೇಲೆ ನಿಂತಿದೆ. 25 ಡಿಗ್ರಿ ಬಿಸಿಯಲ್ಲಿ ಪಿಎಚ್ 7 ಇದ್ದರೆ ನೂರಕ್ಕೆ ಒಂದು ಭಾಗವೂ ಇಲ್ಲ. ಪಿಎಚ್ 8 ಆದರೆ ಸುಮಾರು 5 ಭಾಗ. 9 ಆದರೆ ಮೂರರಲ್ಲಿ ಒಂದು ಪಾಲು! ಗದ್ದೆಯಲ್ಲಿ ಪಾಚಿ ಇದ್ದರೆ ಮಧ್ಯಾಹ್ನದ ಬಿಸಿಲಿಗೆ ಅದು ನೀರಿನ ಇಂಗಾಲದ ಡೈಆಕ್ಸೈಡ್ ಎಳೆದುಕೊಂಡು ಪಿಎಚ್ ಅನ್ನು 9ರವರೆಗೂ ಏರಿಸುತ್ತದೆ. ಬೆಳಿಗ್ಗೆ ಏಳಕ್ಕೆ ಪೇಪರ್ ಅದ್ದಿದರೆ ಈ ಆಟ ಕಾಣುವುದಿಲ್ಲ. ಅದಕ್ಕೇ ನಾವು ಪಿಎಚ್ ನೋಡುವುದು ಮಧ್ಯಾಹ್ನ ಎರಡು, ಮೂರರ ಹೊತ್ತಿಗೆ. ಅಮೆರಿಕದ ಪರಿಸರ ಸಂಸ್ಥೆ 2013ರಲ್ಲಿ ಅಮೋನಿಯಾದ ಮಿತಿಯನ್ನು ಬಿಗಿ ಮಾಡಿತು. ಸಿಹಿನೀರಿನ ಕಪ್ಪೆಚಿಪ್ಪು ಮತ್ತು ಕಿವಿರಿನ ಬಸವನಹುಳುಗಳಿಗೆ ಇದು ಮೀನಿಗಿಂತ ಬೇಗ ತಟ್ಟುತ್ತದೆ ಅನ್ನುವುದೇ ಅದರ ಹಿಂದಿನ ಕಾರಣ.

ಇನ್ನೊಂದು ತಾಮ್ರ. ಭತ್ತದ ಮಡಿಯಲ್ಲಿ ಪಾಚಿ ಕಟ್ಟಿದರೆ ಮೈಲುತುತ್ತವನ್ನು (ಕಾಪರ್ ಸಲ್ಫೇಟ್) ಬಟ್ಟೆಯಲ್ಲಿ ಕಟ್ಟಿ ನೀರು ಬರುವ ಬಾಯಿಗೆ ಇಡುವುದು ಹಳೆಯ ರೂಢಿ. ಹಿಂದೆ ಬೇರೆ ದೇಶಗಳಲ್ಲಿ ಬಸವನಹುಳು ಕೊಲ್ಲಲೆಂದೇ ಕೆರೆ ಕಾಲುವೆಗೆ ಇದನ್ನು ಹಾಕುತ್ತಿದ್ದರು. ತಮಾಷೆ ನೋಡಿ, ಬಹುಪಾಲು ಬಸವನಹುಳುಗಳ ರಕ್ತದಲ್ಲಿ ನಮ್ಮ ಹಾಗೆ ಕಬ್ಬಿಣ ಇಲ್ಲ, ತಾಮ್ರವೇ ಆಮ್ಲಜನಕ ಹೊರುವುದು. ಆದರೂ ನೀರಿನಲ್ಲಿ ಕರಗಿದ ತಾಮ್ರ ಚೂರು ಜಾಸ್ತಿಯಾದರೆ ಅದಕ್ಕೆ ತಡೆಯಲಾಗುವುದಿಲ್ಲ. ನೀರಿನಿಂದ ಸೋಡಿಯಂ ಎಳೆದುಕೊಳ್ಳುವ ವ್ಯವಸ್ಥೆಯೇ ಕೆಟ್ಟುಹೋಗುತ್ತದೆ.

ಇದನ್ನು ಕಾಲೇಜಿನಲ್ಲಿ ಜಾಡಿ ಇಟ್ಟು ನೋಡಿದೆವು. ಮೈಲುತುತ್ತದಲ್ಲಿ ತಾಮ್ರ ಇರುವುದು ತೂಕದ ಕಾಲುಭಾಗ, ಸರಿಯಾಗಿ ಹೇಳಿದರೆ ನೂರಕ್ಕೆ 25.5. ಒಂದು ಗ್ರಾಂ ಅನ್ನು ಒಂದು ಲೀಟರಿಗೆ ಕರಗಿಸಿಟ್ಟುಕೊಂಡು, ಅದರಲ್ಲಿ ಒಂದು ಮಿಲಿಲೀಟರ್ ತೆಗೆದು ಇನ್ನೊಂದು ಲೀಟರಿಗೆ ಹಾಕಿದರೆ ಲೀಟರಿಗೆ ಸುಮಾರು 0.25 ಮಿಲಿಗ್ರಾಂ ತಾಮ್ರ ಆಯಿತು. ಅಲ್ಲಿಂದ ಕೆಳಗೆ ಇಳಿಸುತ್ತಾ ಹೋಗಬಹುದು. ನಲ್ಲಿ ನೀರಾದರೆ ಒಂದು ದಿನ ತೆರೆದಿಟ್ಟು ಕ್ಲೋರಿನ್ ಹೋಗಲು ಬಿಡಬೇಕು. ಆಹಾರಕ್ಕೆ ಬೇಯಿಸಿದ ಪಾಲಕ್. ಸಂತೆಯ ಪಾಲಕ್ ಮೇಲೂ ಔಷಧ ಇರುತ್ತದೆ, ಮನೆ ಹಿತ್ತಲಿನದೇ ವಾಸಿ. ಮೈಲುತುತ್ತ ಹಾಕದ ಜಾಡಿ ಪಕ್ಕದಲ್ಲಿ ಇರಲೇಬೇಕು. ಅದರಲ್ಲೂ ಹುಳು ಸತ್ತರೆ ಇಡೀ ಪರೀಕ್ಷೆ ಬಿಟ್ಟುಬಿಡಬೇಕು.

ತಾಮ್ರದ ಜಾಡಿಯಲ್ಲಿ ಸಾಯುವ ಮೊದಲೇ ನಡವಳಿಕೆ ಬದಲಾಗುತ್ತದೆ. ಗಾಜು ಹಿಡಿದಿದ್ದ ಪಾದ ಬಿಟ್ಟು ತಳಕ್ಕೆ ಬೀಳುತ್ತವೆ. ಲೋಳೆ ಬಿಡುತ್ತವೆ. ಕೆಲವು ನೀರು ಬಿಟ್ಟು ಅಂಚು ಹತ್ತಿ ಕೂರುತ್ತವೆ. ಚಿಪ್ಪಿನೊಳಗೆ ಎಳೆದುಕೊಂಡ ಹುಳುವನ್ನು ಸತ್ತಿದೆ ಅಂತ ಬರೆಯಬಾರದು. ಶುದ್ಧ ನೀರಿಗೆ ಹಾಕಿ ಒಂದು ದಿನ ಕಾಯಬೇಕು. ಮರಿಗಳು ದೊಡ್ಡವಕ್ಕಿಂತ ಬಹಳ ಬೇಗ ಹೋಗುತ್ತವೆ. ಚಿಪ್ಪು ಕಟ್ಟಲು ಅವು ನೀರಿನ ಸುಣ್ಣದಂಶವನ್ನು ಗಬಗಬ ಎಳೆದುಕೊಳ್ಳುವ ವಯಸ್ಸು. ಲೋಹಗಳು ಆ ಕೆಲಸಕ್ಕೇ ಅಡ್ಡ ಬರುತ್ತವೆ. ಯುರೋಪಿನ ಲಿಮ್ನಿಯಾ ಮರಿಗಳ ಬೆಳವಣಿಗೆಯನ್ನು ಸೀಸ ಲೀಟರಿಗೆ ಕೆಲವೇ ಮೈಕ್ರೋಗ್ರಾಂ ಇದ್ದರೂ ಕುಂಠಿಸುತ್ತದೆ ಅಂತ ಕಂಡುಕೊಂಡಿದ್ದಾರೆ. ನಮ್ಮ ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ತಾಮ್ರ ಲೀಟರಿಗೆ 0.05 ಮಿಲಿಗ್ರಾಂ ಇರಬಹುದು, ಬೇರೆ ಮೂಲ ಇಲ್ಲದಿದ್ದರೆ 1.5ರವರೆಗೂ ನಡೆಯುತ್ತದೆ. ಅಂದರೆ ನಾವು ಕುಡಿಯಬಹುದಾದ ನೀರಿನಲ್ಲಿ ಹುಳುವಿನ ಮರಿ ಬದುಕದೇ ಇರಬಹುದು. ‘ನೀರು ಮಾನಕದೊಳಗೆ ಇದೆ’ ಅನ್ನುವ ವರದಿ ಓದುವಾಗ ಯಾರ ಮಾನಕ ಅಂತ ಕೇಳಬೇಕಾಗುತ್ತದೆ, ಅಲ್ವಾ?

ನಮ್ಮ ಭಾಗಕ್ಕೆ ಒಂದು ರಿಯಾಯಿತಿ ಇದೆ. ಇಲ್ಲಿನ ನೀರು ಗಡಸು. ಶಹಾಬಾದ್ ಕಲ್ಲಿನ ಸುಣ್ಣದ ಸೀಮೆಗಂತೂ ಹೇಳುವುದೇ ಬೇಡ. ಸುಣ್ಣದಂಶ ಜಾಸ್ತಿ ಇದ್ದರೆ ತಾಮ್ರದ ಏಟು ಕಡಿಮೆಯಾಗುತ್ತದೆ, ಚಿಪ್ಪೂ ದಪ್ಪ ಬರುತ್ತದೆ. ಹಾಗಾಗಿ ಮಲೆನಾಡಿನ ಮೆದು ನೀರಿನ ಅಂಕಿ ತಂದು ಇಲ್ಲಿ ಹಚ್ಚಬಾರದು. ನಾವು ಜಾಡಿಗೆ ಕಾಲುವೆ ನೀರನ್ನೇ ಹಾಕುವುದು ಅದಕ್ಕೇ. ಪರೀಕ್ಷೆ ಮುಗಿದ ನೀರನ್ನು ಸಿಂಕಿಗೆ ಚೆಲ್ಲುವುದಿಲ್ಲ. ತಾರಸಿಯ ಮೇಲೆ ಟಬ್ಬಿನಲ್ಲಿ ಒಣಗಿಸಿ, ಉಳಿದ ಪುಡಿಯನ್ನು ಬೇರೆ ಡಬ್ಬಿಯಲ್ಲಿ ಇಡುತ್ತೇವೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಮೊಟ್ಟೆ ನೋಡುವುದು. ಲಿಮ್ನಿಯಾ ಎಲೆಯ ಅಡಿಗೆ ಪಾರದರ್ಶಕ ಲೋಳೆಯ ಪಟ್ಟಿಯಲ್ಲಿ ಮೊಟ್ಟೆ ಇಡುತ್ತದೆ, ನೆನೆದ ಸಬ್ಬಕ್ಕಿ ಸಾಲಾಗಿ ಅಂಟಿದ ಹಾಗೆ. ಭೂತಗನ್ನಡಿ ಹಿಡಿದರೆ ಒಳಗೆ ಮರಿ ಗಿರಗಿರ ತಿರುಗುವುದು ಕಾಣುತ್ತದೆ. ವಿಷ ಬೆರೆತ ನೀರಿನಲ್ಲಿ ಆ ತಿರುಗುವಿಕೆ ನಿಧಾನವಾಗುತ್ತದೆ ಇಲ್ಲವೇ ನಿಲ್ಲುತ್ತದೆ. ಚಿಪ್ಪು ಮೂಡುವುದು ತಡವಾಗುತ್ತದೆ. ದೊಡ್ಡ ಹುಳು ಮಾತ್ರ ಏನೂ ಆಗಿಲ್ಲ ಅನ್ನುವ ಹಾಗೆ ಪಾಲಕ್ ತಿನ್ನುತ್ತಿರುತ್ತದೆ. 2016ರಲ್ಲಿ ಒಇಸಿಡಿ (ಹಲವು ದೇಶಗಳು ಸೇರಿದ ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಸ್ಥೆ) ಬಸವನಹುಳುವಿನ ಮೇಲೆ ಎರಡು ಪರೀಕ್ಷಾ ಕ್ರಮಗಳನ್ನು ಒಪ್ಪಿತು. ಎರಡರಲ್ಲೂ ನೋಡುವುದು ಸಂತಾನವನ್ನೇ. ಬೆಲ್ಲಾಮಿಯಾ ಮೊಟ್ಟೆ ಇಡುವುದಿಲ್ಲ, ಮರಿ ಹಾಕುತ್ತದೆ. ಹೆಣ್ಣನ್ನು ಜಾಡಿಯಲ್ಲಿ ಸಾಕಿ ಮರಿ ಎಣಿಸಬೇಕು. ತಾಳ್ಮೆ ಇರುವ ಹುಡುಗಿಯರಿಗೆ ಆ ಕೆಲಸ ಒಪ್ಪಿಸಿದ್ದೇನೆ.

ಊರಲ್ಲಿ ಇದಕ್ಕೆಲ್ಲ ಸಿಗುವ ಮರ್ಯಾದೆ ಅಷ್ಟಕ್ಕಷ್ಟೇ. ಬಸಿಗಾಲುವೆ ಪಕ್ಕದ ಹೊಲದ ಕಾಕಾ ಒಬ್ಬರು, ‘ಹುಳ ಸತ್ರ ಚಲೋನೇ ಆಯ್ತಲ್ರೀ ಸರ, ದನಕ್ಕ ಲಿವರ್ ಹುಳ ಆಗೋದು ಇದ್ರಿಂದಾನೇ ಅಂತ ಡಾಕ್ಟ್ರು ಹೇಳ್ಯಾರ’ ಅಂದರು. ಡಾಕ್ಟರು ಹೇಳಿದ್ದು ನಿಜ. ಲಿವರ್ ಹುಳು ಬೆಳೆಯುವುದು ಲಿಮ್ನಿಯಾದೊಳಗೆ. ದನಗಳ ಗೊರಕೆ ರೋಗದ ಹುಳು ಬೆಳೆಯುವುದು ಇಂಡೋಪ್ಲಾನೋರ್ಬಿಸ್ ಒಳಗೆ. ಆದರೆ ಕೊಳಕು ನೀರಿನಲ್ಲಿ ಉಳಿದವು ಯಾವುವು? ಇವೇ ಎರಡು. ಸತ್ತದ್ದು ಬೆಲ್ಲಾಮಿಯಾ. ಟ್ರೇ ತೋರಿಸಿ ಹೇಳಿದಾಗ ಕಾಕಾ ಸ್ವಲ್ಪ ಹೊತ್ತು ನೋಡುತ್ತಾ ನಿಂತರು. ಕೀಟನಾಶಕದ್ದೂ ಇದೇ ಕಥೆ. ಅದು ಕೀಟಗಳನ್ನು ಬೇಗ ಕೊಲ್ಲುತ್ತದೆ, ಬಸವನಹುಳು ಅಷ್ಟು ಬೇಗ ಸಾಯುವುದಿಲ್ಲ. ಹುಳುವನ್ನು ತಿನ್ನುವ, ಅದರ ಮೇವಿಗೆ ಪೈಪೋಟಿ ಕೊಡುವ ನೀರಿನ ಕೀಟಗಳು ಹೋದ ಮೇಲೆ ರೋಗ ಹೊರುವ ಹುಳುವಿಗೆ ಮೈದಾನ ಖಾಲಿ. ಕೀನ್ಯಾದಲ್ಲಿ ಚಪ್ಪಟೆ ಹುಳುಗಳಿಂದ ಮನುಷ್ಯರಿಗೆ ಬರುವ ಸಿಸ್ಟೊಸೋಮಿಯಾಸಿಸ್ ರೋಗ ಹೊರುವ ಹುಳುಗಳ ವಿಷಯದಲ್ಲಿ ಹೀಗೇ ಆಗಿರುವುದನ್ನು 2020ರಲ್ಲಿ ಪ್ರಕಟಿಸಿದ್ದಾರೆ.

ಯಾವ ರಾಸಾಯನಿಕ ಅಂತ ಹುಳು ಹೇಳುವುದಿಲ್ಲ. ಒಂದು ಕಡೆ ಹಳ್ಳದಲ್ಲಿ ಖಾಲಿ ಚಿಪ್ಪುಗಳಷ್ಟೇ ಸಿಕ್ಕವು, ಲಿಮ್ನಿಯಾ ಕೂಡ ಇರಲಿಲ್ಲ. ಜನ ಒಂದು ಕಾರಣ ಹೇಳುತ್ತಾರೆ. ನಾನು ಹೇಳುವುದಿಲ್ಲ. ಅಂಥ ಜಾಗ ಸಿಕ್ಕರೆ ನಮ್ಮ ಕೆಲಸ ಫೋಟೊ ತೆಗೆದು, ತಾರೀಖು ಬರೆದು, ಮೇಲಿನ ಮತ್ತು ಕೆಳಗಿನ ನೀರು ಎರಡನ್ನೂ ಲೋಹಗಳ ಪರೀಕ್ಷೆಗೆ ಕಳಿಸುವುದು. ಎಲ್ಲಿ ಬಾಟಲಿ ತುಂಬಬೇಕು ಅನ್ನುವುದನ್ನಾದರೂ ಹುಳು ತೋರಿಸಿಕೊಟ್ಟಿತು.

ಆ ಕಾಕಾ ಈಗ ಮೈಲುತುತ್ತ ಪೂರ್ತಿ ಬಿಟ್ಟಿಲ್ಲ. ಆದರೆ ಡಿಎಪಿ ಗೊಬ್ಬರವನ್ನು ನಿಂತ ನೀರಿನ ಮೇಲೆ ಎರಚದೆ ನಾಟಿಗೆ ಮೊದಲೇ ಮಣ್ಣಿಗೆ ಸೇರಿಸುತ್ತಾರೆ, ಪಾಚಿ ಕಡಿಮೆ ಬರುತ್ತದೆ. ಪಾಚಿ ಕಟ್ಟಿದ ಮಡಿಯನ್ನು ಎರಡು ದಿನ ಒಣಗಲು ಬಿಟ್ಟು ನೋಡಿದ್ದಾರೆ. ಮೈಲುತುತ್ತ ಹಾಕಲೇಬೇಕಾದರೆ ಮಡಿಯ ಬಾಯಿ ಕಟ್ಟಿ ನೀರು ಹೊರಗೆ ಬಿಡುವುದಿಲ್ಲ. ಅವರ ಹೊಲದ ಕೆಳಗೆ ಬೆಲ್ಲಾಮಿಯಾ ದೊಡ್ಡವು ಸಿಗುತ್ತಿವೆ, ಮರಿ ಇನ್ನೂ ಕಂಡಿಲ್ಲ. ಮೇಲಿನ ಹೊಲಗಳವರ ನೀರೂ ಅಲ್ಲಿಗೇ ಬರುತ್ತದೆ, ಅವರ ಜೊತೆ ಇನ್ನೂ ಮಾತಾಡಬೇಕಿದೆ.