ಕಾರಿನಲ್ಲಿ ಬಂದೂಕು ಮತ್ತು ಮದ್ದುಗುಂಡು: ಅಮೆರಿಕಕ್ಕೆ ಹೊಸದಾಗಿ ಬಂದ ಕನ್ನಡಿಗರ ಗಮನಕ್ಕೆ

ಅಮೆರಿಕದಲ್ಲಿ ಬಂದೂಕು ಕೊಳ್ಳುವುದು ಬಲು ಸುಲಭ ಎಂಬ ಮಾತನ್ನು ಕೇಳಿಕೊಂಡೇ ನಮ್ಮವರು ಇಲ್ಲಿಗೆ ಬಂದಿಳಿಯುತ್ತಾರೆ. ಅದನ್ನು ಕಾರಿನಲ್ಲಿಟ್ಟುಕೊಂಡು ಊರಿಂದೂರಿಗೆ ಹೋಗುವುದು ಅಷ್ಟು ಸುಲಭವಲ್ಲ ಎಂದು ಮಾತ್ರ ಯಾರೂ ಹೇಳಿ ಕಳಿಸುವುದಿಲ್ಲ. ನ್ಯೂ ಜೆರ್ಸಿಯಲ್ಲಿ ನೆಲೆಸಿ, ಡೆಲವೇರ್ ನದಿ ದಾಟಿ ಪೆನ್ಸಿಲ್ವೇನಿಯಾದಲ್ಲಿ ಗುರಿ ಅಭ್ಯಾಸ ಮಾಡುವ ಶೂಟಿಂಗ್ ರೇಂಜುಗಳಿಗೆ ಹೋಗಿಬರುವ ನನ್ನಂಥವರನ್ನು ಹೊಸಬರು ಮೊದಲು ಕೇಳುವುದು, ಬಂದೂಕನ್ನು ಡಿಕ್ಕಿಯಲ್ಲಿಡಬೇಕೋ ಸೀಟಿನ ಕೆಳಗಿಡಬೇಕೋ ಎಂದು. ಅದಕ್ಕೆ ಉತ್ತರವಿದೆ. ಆದರೆ ಅದಕ್ಕೂ ಮುಂಚೆ ಕೇಳಿಕೊಳ್ಳಬೇಕಾದದ್ದು ನೀವು ಯಾವ ವೀಸಾದ ಮೇಲೆ ಇಲ್ಲಿದ್ದೀರಿ ಎಂಬುದನ್ನು, ಆಮೇಲೆ ಹೊರಡುವ ಜಾಗದಲ್ಲೂ ತಲುಪುವ ಜಾಗದಲ್ಲೂ ಆ ಆಯುಧ ನಿಮ್ಮ ಬಳಿ ಇರುವುದನ್ನು ಕಾನೂನು ಒಪ್ಪುತ್ತದೆಯೇ ಎಂಬುದನ್ನು.

ಎಚ್-1ಬಿ, ಎಲ್-1, ಎಫ್-1, ಎಚ್-4 ಮುಂತಾದ ವಲಸೆಯೇತರ ವೀಸಾಗಳಲ್ಲಿ ದೇಶದೊಳಗೆ ಬಂದವರು ಬಂದೂಕನ್ನಾಗಲಿ ಮದ್ದುಗುಂಡನ್ನಾಗಲಿ ತಮ್ಮ ಬಳಿ ಇಟ್ಟುಕೊಳ್ಳುವುದನ್ನು ಫೆಡರಲ್ ಕಾನೂನಿನ 922ನೆಯ ಸೆಕ್ಷನ್ ನಿಷೇಧಿಸುತ್ತದೆ. ಒಂದೇ ಒಂದು ಕಾಡತೂಸು ಕೂಡ ಈ ಮಾತಿನೊಳಗೆ ಬರುತ್ತದೆ. 2022ರ ತಿದ್ದುಪಡಿಯ ನಂತರ ಇದಕ್ಕೆ ಗರಿಷ್ಠ ಶಿಕ್ಷೆ 15 ವರ್ಷ ಸೆರೆವಾಸ. ಇದಕ್ಕೆ ಕೆಲವು ವಿನಾಯಿತಿಗಳಿದ್ದು, ನಮ್ಮವರಿಗೆ ಅನ್ವಯಿಸಬಹುದಾದ ಮುಖ್ಯವಾದುದೆಂದರೆ ಇಲ್ಲಿನ ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಪರವಾನಗಿ. ಸಹೋದ್ಯೋಗಿಗಳ ಜೊತೆ ರೇಂಜಿಗೆ ಹೋಗಿ, ಬಾಡಿಗೆ ಪಿಸ್ತೂಲಿನಿಂದ ನಾಲ್ಕು ಗುಂಡು ಹಾರಿಸಿ, ಫೋಟೊ ತೆಗೆಸಿಕೊಂಡು ಬರುವುದೂ ಕಾನೂನಿನ ಕಣ್ಣಿನಲ್ಲಿ ಆಯುಧವನ್ನು ವಶದಲ್ಲಿ ಹೊಂದಿದ್ದಂತೆಯೇ ಎಂಬುದು ಬಹಳ ಜನರಿಗೆ ತಿಳಿದಿರುವುದಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟ ರೆಹೈಫ್ ಪ್ರಕರಣ ಶುರುವಾದದ್ದೇ ಹೀಗೆ: ಫ್ಲಾರಿಡಾದಲ್ಲಿ ಓದುತ್ತಿದ್ದು ಕಾಲೇಜಿನಿಂದ ಹೊರಹಾಕಲ್ಪಟ್ಟ ವಿದೇಶಿ ವಿದ್ಯಾರ್ಥಿಯೊಬ್ಬ ರೇಂಜಿನಲ್ಲಿ ಬಂದೂಕು ಹಾರಿಸಿದ್ದಕ್ಕೆ ಮೊಕದ್ದಮೆ ಎದುರಿಸಬೇಕಾಯಿತು. ತನ್ನ ವಲಸೆ ಸ್ಥಿತಿ ಏನೆಂಬುದು ಆರೋಪಿಗೆ ಗೊತ್ತಿತ್ತು ಎಂಬುದನ್ನೂ ಸರ್ಕಾರವೇ ರುಜುವಾತು ಮಾಡಬೇಕೆಂದು ಕೋರ್ಟು ಹೇಳಿತು, ನಿಜ. ಆದರೆ ತನ್ನ ವೀಸಾ ಯಾವುದೆಂದು ಗೊತ್ತಿಲ್ಲದ ಎಚ್-1ಬಿ ಉದ್ಯೋಗಿ ಎಲ್ಲಿದ್ದಾನೆ?

ಕಾರಿನ ವಿಷಯಕ್ಕೆ ಬಂದರೆ, ಬಂದೂಕು ನಿಮ್ಮ ಹೆಸರಿನಲ್ಲಿರಬೇಕೆಂದೇನಿಲ್ಲ. ಕೈಯಲ್ಲಿ ಹಿಡಿಯದಿದ್ದರೂ, ಅದು ಅಲ್ಲಿದೆ ಎಂದು ತಿಳಿದಿದ್ದು ಅದರ ಮೇಲೆ ಹತೋಟಿ ಸಾಧಿಸಬಲ್ಲವರಾಗಿದ್ದರೆ ಅದನ್ನೂ ವಶದಲ್ಲಿದ್ದಂತೆ ಎಣಿಸಬಹುದು. ನಾಗರಿಕನಾಗಿರುವ ಗೆಳೆಯನ ರೈಫಲ್ ನಿಮ್ಮ ಡಿಕ್ಕಿಯಲ್ಲಿದ್ದು, ಸ್ಟೀರಿಂಗ್ ನಿಮ್ಮ ಕೈಯಲ್ಲಿದ್ದು, ಕೀಲಿಯೂ ನಿಮ್ಮದೇ ಆಗಿದ್ದರೆ ತೊಂದರೆ ನಿಮ್ಮದೇ. ಆದ್ದರಿಂದ ವಲಸೆಯೇತರ ವೀಸಾದಲ್ಲಿರುವವರಿಗೆ ನಾನು ಕೊಡುವ ಸಲಹೆ ಒಂದೇ: ಗೆಳೆಯನ ಆಯುಧ ಗೆಳೆಯನ ಕಾರಿನಲ್ಲೇ ಹೋಗಲಿ, ನೀವು ಬೇರೆ ಕಾರಿನಲ್ಲಿ ಹೋಗಿ. ಗ್ರೀನ್ ಕಾರ್ಡ್ ಇರುವವರಿಗೆ ಈ ಫೆಡರಲ್ ನಿಷೇಧ ಅನ್ವಯಿಸುವುದಿಲ್ಲ. ಆದರೂ ಅವರು ನಿರಾಳವಾಗಿರುವಂತಿಲ್ಲ, ಏಕೆಂದರೆ ನಾಗರಿಕರಲ್ಲದ ಯಾರೇ ಆಗಲಿ, ಬಂದೂಕಿಗೆ ಸಂಬಂಧಿಸಿದ ಅಪರಾಧದಲ್ಲಿ ದೋಷಿ ಎಂದಾದರೆ ಗಡೀಪಾರಿಗೆ ಗುರಿಯಾಗಬಹುದೆಂದು ವಲಸೆ ಕಾನೂನು ಹೇಳುತ್ತದೆ. ಇಲ್ಲಿ ಹುಟ್ಟಿ ಬೆಳೆದ ನೆರೆಯವನಿಗೆ ದಂಡ ಕಟ್ಟಿ ಮುಗಿಯಬಹುದಾದ ತಪ್ಪು ನಮ್ಮವರ ಮನೆ, ಕೆಲಸ, ಮಕ್ಕಳ ಶಾಲೆ ಎಲ್ಲವನ್ನೂ ಕಿತ್ತುಕೊಳ್ಳಬಹುದು.

ಕೊಡಗಿನಿಂದ ಬಂದವರಿಗೆ ಒಂದು ಮಾತು. ಕೊಡವರಿಗೂ, ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಭಾರತದ ಶಸ್ತ್ರಾಸ್ತ್ರ ಕಾಯ್ದೆಯ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಇನ್ನೂ ಹತ್ತು ವರ್ಷ ವಿಸ್ತರಿಸಿದೆ. ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂವಿಟ್ಟು ಪೂಜಿಸಿ ಬೆಳೆದವರಿಗೆ ಬಂದೂಕಿನ ಭಯಭಕ್ತಿ ಎರಡೂ ಇತರರಿಗಿಂತ ಹೆಚ್ಚು ಗೊತ್ತಿರುತ್ತದೆ. ಆದರೆ ಆ ವಿನಾಯಿತಿಗೆ ಇಲ್ಲಿ ಬೆಲೆಯಿಲ್ಲ.

ಇನ್ನು ಪ್ರಯಾಣ. ಅಮೆರಿಕದಲ್ಲಿ ಬಂದೂಕಿನ ಕಾನೂನು ರಾಜ್ಯದಿಂದ ರಾಜ್ಯಕ್ಕೆ ಬೇರೆಯಾಗುವುದರಿಂದ, ನಡುವಿನ ರಾಜ್ಯಗಳನ್ನು ದಾಟಿ ಹೋಗುವವರ ರಕ್ಷಣೆಗೆಂದು 1986ರಲ್ಲಿ ಫೆಡರಲ್ ಕಾನೂನೊಂದನ್ನು ಮಾಡಲಾಯಿತು. ಅದರ ರಕ್ಷಣೆ ಸಿಗಬೇಕಾದರೆ ಹೊರಡುವ ಮತ್ತು ತಲುಪುವ ಎರಡೂ ಸ್ಥಳಗಳಲ್ಲಿ ಆ ಬಂದೂಕನ್ನು ಹೊಂದುವ ಮತ್ತು ಒಯ್ಯುವ ಹಕ್ಕು ನಿಮಗಿರಬೇಕು. ಬಂದೂಕಿನಲ್ಲಿ ಗುಂಡು ಇರಬಾರದು. ಬಂದೂಕಾಗಲಿ ಮದ್ದುಗುಂಡಾಗಲಿ ಜನ ಕೂರುವ ಭಾಗದಿಂದ ನೇರವಾಗಿ ಕೈಗೆಟುಕಬಾರದು. ಎಸ್‌ಯುವಿ, ಹ್ಯಾಚ್‌ಬ್ಯಾಕ್‌ನಂತೆ ಡಿಕ್ಕಿ ಪ್ರತ್ಯೇಕವಾಗಿಲ್ಲದ ವಾಹನವಾದರೆ ಎರಡನ್ನೂ ಬೀಗ ಹಾಕಿದ ಪೆಟ್ಟಿಗೆಯಲ್ಲಿಡಬೇಕು, ಮತ್ತು ಗ್ಲೋವ್ ಬಾಕ್ಸಾಗಲಿ ಸೀಟುಗಳ ನಡುವಿನ ಕನ್ಸೋಲಾಗಲಿ, ಬೀಗವಿದ್ದರೂ ಆ ಪೆಟ್ಟಿಗೆಯ ಲೆಕ್ಕಕ್ಕೆ ಬರುವುದಿಲ್ಲ.

ಈ ರಕ್ಷಣೆ ಎಷ್ಟು ತೆಳುವಾದದ್ದು ಎಂಬುದನ್ನು ತಿಳಿಯಲು ಯೂಟಾದ ಪ್ರಯಾಣಿಕನೊಬ್ಬನ ಕಥೆ ಸಾಕು. 2005ರಲ್ಲಿ ಪೆನ್ಸಿಲ್ವೇನಿಯಾಕ್ಕೆ ಹೊರಟಿದ್ದ ಆತನಿಗೆ ನ್ಯೂ ಜೆರ್ಸಿಯ ನ್ಯೂಆರ್ಕ್‌ನಲ್ಲಿ ಮುಂದಿನ ವಿಮಾನ ತಪ್ಪಿಹೋಯಿತು. ಬೀಗ ಹಾಕಿದ ಪೆಟ್ಟಿಗೆಯಲ್ಲಿ ಪಿಸ್ತೂಲಿದ್ದ ಸಾಮಾನನ್ನು ಬಿಡಿಸಿಕೊಂಡು ಹೋಟೆಲಿನಲ್ಲಿ ರಾತ್ರಿ ಕಳೆದು, ಮರುದಿನ ವಿಮಾನ ನಿಲ್ದಾಣದಲ್ಲಿ ತಾನಾಗಿಯೇ ಅದನ್ನು ತಿಳಿಸಿದಾಗ ಆತನನ್ನು ಬಂಧಿಸಲಾಯಿತು. ಆರೋಪಗಳನ್ನು ಆಮೇಲೆ ಕೈಬಿಟ್ಟರೂ, ಆತ ಹೂಡಿದ ದಾವೆಯನ್ನು 2010ರಲ್ಲಿ ಮೇಲ್ಮನವಿ ನ್ಯಾಯಾಲಯ ತಿರಸ್ಕರಿಸಿತು: ರಾತ್ರಿ ಸಾಮಾನು ಕೈಗೆ ಸಿಗುವಂತೆ ಇದ್ದುದರಿಂದ ಫೆಡರಲ್ ರಕ್ಷಣೆ ಅಲ್ಲಿಗೆ ಮುಗಿಯಿತು ಎಂಬುದು ಅದರ ತರ್ಕ. ಆತನದ್ದು ವಿಮಾನದ ಪ್ರಯಾಣವಾದರೂ ಕಾರಿನವರಿಗೂ ಇದೇ ಪಾಠ. ವರ್ಜೀನಿಯಾದಿಂದ ಮೇನ್‌ಗೆ ಹೋಗುವಾಗ ನ್ಯೂ ಜೆರ್ಸಿಯಲ್ಲೋ ನ್ಯೂಯಾರ್ಕಿನಲ್ಲೋ ಪೆಟ್ರೋಲ್ ಹಾಕಿಸಲು ನಿಲ್ಲುವುದು ಬೇರೆ, ನ್ಯೂ ಜೆರ್ಸಿಯ ಎಡಿಸನ್‌ನಲ್ಲಿರುವ ಭಾವನ ಮನೆಯಲ್ಲಿ ಎರಡು ದಿನ ಉಳಿಯುವುದು ಬೇರೆ.

ನ್ಯೂ ಜೆರ್ಸಿಯ ಸ್ವಂತ ಕಾನೂನು ಇನ್ನೂ ಬಿಗಿ. ರೇಂಜಿಗೆ ಹೋಗುವಾಗ ಬಂದೂಕಿನಲ್ಲಿ ಗುಂಡಿರಬಾರದು, ಅದು ಮುಚ್ಚಿ ಭದ್ರಪಡಿಸಿದ ಪೆಟ್ಟಿಗೆಯಲ್ಲೋ ಬೀಗ ಹಾಕಿದ ಡಿಕ್ಕಿಯಲ್ಲೋ ಇರಬೇಕು, ದಾರಿಯಲ್ಲಿ ಅತ್ತಿತ್ತ ಹೋಗುವುದು ಅಗತ್ಯವಿದ್ದಷ್ಟೇ ಆಗಿರಬೇಕು. ಹತ್ತಕ್ಕಿಂತ ಹೆಚ್ಚು ಗುಂಡು ಹಿಡಿಯುವ ಮ್ಯಾಗಜೀನ್ ಇಲ್ಲಿ ನಿಷಿದ್ಧ, ತುದಿ ಟೊಳ್ಳಾಗಿರುವ ಹಾಲೋ ಪಾಯಿಂಟ್ ಗುಂಡುಗಳ ಮೇಲೂ ನಿರ್ಬಂಧವಿದೆ. ಪಿಸ್ತೂಲು ಒಯ್ಯಲು ಪೆನ್ಸಿಲ್ವೇನಿಯಾ ಕೊಡುವ ಪರವಾನಗಿಯನ್ನು ಈ ರಾಜ್ಯ ಮಾನ್ಯ ಮಾಡುವುದಿಲ್ಲ. 2013ರಲ್ಲಿ ಫಿಲಡೆಲ್ಫಿಯಾದ ಮಹಿಳೆಯೊಬ್ಬರು ಆ ಪರವಾನಗಿಯನ್ನು ನಂಬಿ, ಕಾರು ನಿಲ್ಲಿಸಿದ ಪೊಲೀಸನಿಗೆ ತಾವೇ ಪಿಸ್ತೂಲಿನ ವಿಷಯ ಹೇಳಿ ಬಂಧನಕ್ಕೊಳಗಾದರು. 2015ರಲ್ಲಿ ರಾಜ್ಯಪಾಲರು ಕ್ಷಮಾದಾನ ಕೊಡುವವರೆಗೂ ಅವರ ಪ್ರಕರಣ ಮುಗಿಯಲಿಲ್ಲ. ನಮ್ಮವರಿಗೆ ವಿಶೇಷವಾಗಿ ಎದುರಾಗುವ ಅಪಾಯವೊಂದಿದೆ. ಕನ್ನಡ ಸಂಘಗಳ ರಾಜ್ಯೋತ್ಸವ, ಯುಗಾದಿ ಕಾರ್ಯಕ್ರಮಗಳು ಹೆಚ್ಚಾಗಿ ನಡೆಯುವುದು ಸರ್ಕಾರಿ ಶಾಲೆಗಳ ಸಭಾಂಗಣಗಳಲ್ಲಿ, ವಾರಾಂತ್ಯದ ಕನ್ನಡ ತರಗತಿಗಳೂ ಎಷ್ಟೋ ಕಡೆ ಶಾಲೆಗಳಲ್ಲೇ. ಲಿಖಿತ ಅನುಮತಿಯಿಲ್ಲದೆ ಶಾಲೆಯ ಆವರಣದಲ್ಲಿ ಬಂದೂಕು ಹೊಂದಿರುವುದು ನ್ಯೂ ಜೆರ್ಸಿಯಲ್ಲಿ ಅಪರಾಧ. ಬೆಳಿಗ್ಗೆ ರೇಂಜಿಗೆ ಹೋದವರು ಮೊದಲು ಮನೆಗೆ ಮರಳಿ, ಬಂದೂಕನ್ನು ಒಳಗಿಟ್ಟು, ಆಮೇಲೆ ಬಿಸಿಬೇಳೆ ಬಾತಿನ ಪಂಕ್ತಿಗೆ ಬರುವುದು ಕ್ಷೇಮ.

ಗುಂಡು ತುಂಬಿದ ಬಂದೂಕು ಎಂದರೆ ಯಾವುದು ಎಂಬುದೂ ಎಲ್ಲೆಡೆ ಒಂದೇ ಅಲ್ಲ. ನ್ಯೂಯಾರ್ಕಿನ ದಂಡ ಸಂಹಿತೆಯ ಪ್ರಕಾರ, ಬಂದೂಕನ್ನೂ ಅದಕ್ಕೆ ಹೊಂದುವ ಗುಂಡುಗಳನ್ನೂ ಒಬ್ಬನೇ ಒಂದೇ ಹೊತ್ತಿನಲ್ಲಿ ಹೊಂದಿದ್ದರೆ, ಗುಂಡುಗಳು ಪ್ರತ್ಯೇಕವಾಗಿದ್ದರೂ ಅದು ತುಂಬಿದ ಬಂದೂಕೇ. ಹಾಗಿದ್ದೂ, ಫೆಡರಲ್ ಕಾನೂನು ಕೇಳದಿದ್ದರೂ, ಮ್ಯಾಗಜೀನಿನಿಂದ ಗುಂಡುಗಳನ್ನೆಲ್ಲ ಹೊರತೆಗೆದು, ಬೇರೆ ಪೆಟ್ಟಿಗೆಗೆ ಹಾಕಿ, ಎರಡಕ್ಕೂ ಬೀಗ ಹಾಕುವುದು ಒಳ್ಳೆಯದು. ಕನಿಷ್ಠ ಪೆಟ್ಟಿಗೆ ತೆರೆದು ನೋಡಿದ ಪೊಲೀಸನಿಗೆ ನಿಮ್ಮ ಉದ್ದೇಶವಾದರೂ ಅರ್ಥವಾದೀತು.

ಕೆಲಸ ಬದಲಿಸಿ ಊರು ಬಿಡುವವರು ಹೆಚ್ಚು ಎಚ್ಚರದಿಂದಿರಬೇಕು. ಟೆಕ್ಸಸ್‌ನಲ್ಲಿ 21 ತುಂಬಿದ ಅರ್ಹರು ಪಿಸ್ತೂಲು ಒಯ್ಯಲು 2021ರಿಂದ ಪರವಾನಗಿಯ ಅಗತ್ಯವಿಲ್ಲ. ಡಲ್ಲಾಸ್‌ನಲ್ಲಿ ಹತ್ತಿದ ಈ ಅಭ್ಯಾಸ ಸ್ಯಾನ್ ಹೋಸೆಯಲ್ಲಿ ನಡೆಯುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಒಯ್ಯುವ ಪರವಾನಗಿ ಇಲ್ಲದವರ ಪಿಸ್ತೂಲು ಗುಂಡಿಲ್ಲದೆ ಬೀಗದ ಪೆಟ್ಟಿಗೆಯಲ್ಲೋ ಡಿಕ್ಕಿಯಲ್ಲೋ ಇರಬೇಕು, ಹೊಸದಾಗಿ ನೆಲೆಸಲು ಬಂದವರು ತಂದ ಬಂದೂಕುಗಳ ವಿವರವನ್ನು 60 ದಿನಗಳೊಳಗೆ ರಾಜ್ಯಕ್ಕೆ ಸಲ್ಲಿಸಬೇಕು, ಕೆಲವು ಬಗೆಯ ರೈಫಲ್‌ಗಳನ್ನು ತರಲೇಬಾರದು.

ಪೊಲೀಸರು ಕಾರು ನಿಲ್ಲಿಸಿದರೆ ಕೈಗಳನ್ನು ಸ್ಟೀರಿಂಗ್ ಮೇಲಿಟ್ಟು ಸುಮ್ಮನೆ ಕೂರಿ. ಮಿಶಿಗನ್‌ನಂಥ ರಾಜ್ಯಗಳಲ್ಲಿ ಪಿಸ್ತೂಲು ಒಯ್ಯುವ ಪರವಾನಗಿದಾರರು ಕೇಳುವ ಮೊದಲೇ ಆ ವಿಷಯ ತಿಳಿಸಬೇಕು.

ನಯಾಗರಾ ನೋಡಲು ಹೊರಟು, ಕೆನಡಾದ ಕಡೆಯಿಂದ ನೋಟ ಚೆನ್ನ ಎಂದು ಸೇತುವೆ ದಾಟುವವರು ಬಂದೂಕನ್ನು ಮನೆಯಲ್ಲೇ ಬಿಟ್ಟಿರಬೇಕು. ಪಿಸ್ತೂಲುಗಳ ವಿಷಯದಲ್ಲಿ ಕೆನಡಾ 2022ರಿಂದ ಬಾಗಿಲು ಹೆಚ್ಚುಕಡಿಮೆ ಮುಚ್ಚಿದೆ, ಉದ್ದನೆಯ ಬಂದೂಕುಗಳನ್ನು ಗಡಿಯಲ್ಲಿ ಘೋಷಿಸಿ ಅನುಮತಿ ಪಡೆಯಬೇಕು. ಮೆಕ್ಸಿಕೊ ಇನ್ನೂ ಕಠಿಣ. ಕಾರಿನ ಮೂಲೆಯಲ್ಲಿ ಉಳಿದುಹೋದ ಒಂದು ಕಾಡತೂಸೂ ಅಲ್ಲಿ ಜೈಲಿಗೆ ಕಾರಣವಾಗಬಹುದು.

ಇದೇ ಕಾಡತೂಸು ಬೆಂಗಳೂರಿಗೆ ಹೋಗುವಾಗಲೂ ಕಾಡಬಹುದು. ರೇಂಜಿಗೆ ಒಯ್ಯುವ ಚೀಲವನ್ನೇ ಊರಿನ ಪ್ರಯಾಣಕ್ಕೂ ಬಳಸಿದರೆ, ಹೊಲಿಗೆಯ ಸಂದಿಯಲ್ಲಿ ಅಡಗಿದ ಜೀವಂತ ಗುಂಡು ಭಾರತದ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಸಿಕ್ಕಿ, 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಪ್ರಕರಣ ದಾಖಲಾಗುವ ಸಂಭವವಿದೆ. ರೇಂಜಿಗೆಂದೇ ಒಂದು ಚೀಲವನ್ನು ಮೀಸಲಿಡಿ, ಮರಳಿದ ದಿನವೇ ಅದನ್ನೂ ಡಿಕ್ಕಿಯ ಚಾಪೆಯನ್ನೂ ಕೊಡವಿ ನೋಡಿ, ಖಾಲಿ ತೋಟಾಗಳನ್ನು ಮಕ್ಕಳಿಗೆ ಆಟಕ್ಕೆಂದು ಕೊಡಬೇಡಿ. ಅವು ಶಾಲೆಯ ಚೀಲ ಸೇರುತ್ತವೆ.