ಕ್ಯಾಮೆರಾ ಆ್ಯಪ್‌ 'ಆಫ್‌ಲೈನ್' ಅಂತಿದೆಯಾ? ಡಿಲೀಟ್ ಒತ್ತುವ ಮುಂಚೆ ಇದನ್ನು ನೋಡಿ

ಮೂಡಿಗೆರೆ ಕಡೆಯ ತೋಟದ ಮನೆಯಲ್ಲಿ ಅಪ್ಪ ಅಮ್ಮ ಇಬ್ಬರೇ, ಮಕ್ಕಳು ಬೆಂಗಳೂರಿನಲ್ಲಿ. ಗೇಟಿಗೊಂದು, ಕಾಫಿ ಒಣಗಿಸುವ ಕಣಕ್ಕೊಂದು ವೈಫೈ ಕ್ಯಾಮೆರಾ. ಚಿಕ್ಕಮಗಳೂರು, ಹಾಸನ ಎರಡೂ ಜಿಲ್ಲೆಗಳಲ್ಲಿ ಈಗ ಇಂಥ ಮನೆಗಳು ಜಾಸ್ತಿ. ಸಕಲೇಶಪುರ, ಆಲೂರು, ಬೇಲೂರಿನ ಆನೆ ಓಡಾಡುವ ಊರುಗಳಲ್ಲಂತೂ ಬೆಳಗ್ಗೆ ಬಾಗಿಲು ತೆಗೆಯುವ ಮುಂಚೆ ಮೊಬೈಲಿನಲ್ಲಿ ಅಂಗಳ ನೋಡಿಕೊಳ್ಳುವವರೂ ಇದ್ದಾರೆ. ಅಂಥ ಆ್ಯಪ್ ಇದ್ದಕ್ಕಿದ್ದಂತೆ 'ಡಿವೈಸ್ ಆಫ್‌ಲೈನ್' ಅಂದರೆ ಗಾಬರಿ ಆಗೇ ಆಗುತ್ತದೆ.

ಆ ಗಾಬರಿಯಲ್ಲಿ ತುಂಬಾ ಜನ ಮಾಡುವ ಮೊದಲ ಕೆಲಸ, ಆ್ಯಪ್‌ನಿಂದ ಕ್ಯಾಮೆರಾ ತೆಗೆದುಹಾಕಿ ಮತ್ತೆ ಸೇರಿಸಲು ನೋಡುವುದು. ದಯವಿಟ್ಟು ಹಾಗೆ ಮಾಡಬೇಡಿ. ತೆಗೆದುಹಾಕುವುದು ಬೆಂಗಳೂರಿನಲ್ಲಿ ಕೂತೇ ಆಗುತ್ತದೆ. ಮತ್ತೆ ಸೇರಿಸಬೇಕು ಅಂದರೆ ಮಾತ್ರ ಯಾರಾದರೂ ಕ್ಯಾಮೆರಾ ಹತ್ತಿರ ಹೋಗಿ, ಏಣಿ ಹತ್ತಿ, ರೀಸೆಟ್ ಬಟನ್ ಒತ್ತಲೇಬೇಕು. ವಯಸ್ಸಾದವರು ಇರುವ ಮನೆಯಲ್ಲಿ ಇದು ಸಣ್ಣ ವಿಷಯ ಅಲ್ಲ.

ಕ್ಯಾಮೆರಾದ ಚಿತ್ರ ನಿಮ್ಮ ಮೊಬೈಲಿಗೆ ಬರುವ ದಾರಿಯಲ್ಲಿ ಐದು ಜಾಗಗಳಿವೆ: ಕ್ಯಾಮೆರಾಕ್ಕೆ ಕರೆಂಟ್, ಮನೆಯ ವೈಫೈ, ಊರಿನ ಇಂಟರ್ನೆಟ್, ಕಂಪನಿಯ ಸರ್ವರ್, ಕೊನೆಗೆ ನಿಮ್ಮ ಫೋನ್. ಯಾವ ಜಾಗದಲ್ಲಿ ಕಡಿದಿದೆ ಅಂತ ಮೊದಲು ಗೊತ್ತು ಮಾಡಿಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ.

ಕೂತಲ್ಲಿಂದಲೇ ಏನು ನೋಡಬಹುದು

ಮನೆಯಲ್ಲಿ ಎರಡು ಕ್ಯಾಮೆರಾ ಇದ್ದು ಎರಡೂ ಒಟ್ಟಿಗೆ ಹೋಗಿದ್ದರೆ ಹೆಚ್ಚಾಗಿ ಕರೆಂಟ್ ಅಥವಾ ನೆಟ್ ಸಮಸ್ಯೆ. ಒಂದೇ ಹೋಗಿದ್ದರೆ ಆ ಕ್ಯಾಮೆರಾದ್ದೇ ತೊಂದರೆ. ಅದೇ ಕ್ಯಾಮೆರಾ ತಮ್ಮನ ಫೋನಿನಲ್ಲೋ ಹೆಂಡತಿಯ ಫೋನಿನಲ್ಲೋ ಕಾಣುತ್ತಿದ್ದರೆ ತಪ್ಪು ನಿಮ್ಮ ಫೋನಿನದು.

ಫೋನಿನದೇ ಆಗಿದ್ದರೆ ಕೆಲಸ ಬೇಗ ಮುಗಿಯುತ್ತದೆ. ವೈಫೈ ಬಿಟ್ಟು ಮೊಬೈಲ್ ಡೇಟಾದಲ್ಲಿ ತೆರೆದು ನೋಡಿ. ಆ್ಯಪ್ ಪೂರ್ತಿ ಮುಚ್ಚಿ ಮತ್ತೆ ತೆಗೆಯಿರಿ, ಅಪ್‌ಡೇಟ್ ಇದ್ದರೆ ಹಾಕಿ. ಫೋನಿನ ದಿನಾಂಕ, ಸಮಯ 'ಆಟೋಮ್ಯಾಟಿಕ್' ಇದೆಯಾ ನೋಡಿ, ಅದು ತಪ್ಪಿದ್ದರೆ ಸರ್ವರ್ ನಿಮ್ಮ ಫೋನನ್ನು ಒಳಗೇ ಬಿಡುವುದಿಲ್ಲ. ಲೈವ್ ಕಾಣುತ್ತದೆ ಆದರೆ ಅಲರ್ಟ್ ಬರುತ್ತಿಲ್ಲ ಅಂದರೆ ಫೋನಿನ ಬ್ಯಾಟರಿ ಸೆಟ್ಟಿಂಗ್ ಆ್ಯಪನ್ನು ಮಲಗಿಸಿರುತ್ತದೆ, ಅಲ್ಲಿ ಆ ಆ್ಯಪ್‌ಗೆ 'ಅನ್‌ರಿಸ್ಟ್ರಿಕ್ಟೆಡ್' ಕೊಡಿ. ಕ್ಯಾಶ್ (ಆ್ಯಪ್ ಕೂಡಿಟ್ಟ ತಾತ್ಕಾಲಿಕ ಫೈಲುಗಳು) ಕ್ಲಿಯರ್ ಮಾಡಿದರೆ ತೊಂದರೆ ಇಲ್ಲ. ಡೇಟಾ ಕ್ಲಿಯರ್ ಮಾಡಿದರೆ ಲಾಗಿನ್ ಹೋಗುತ್ತದೆ, ಪಾಸ್‌ವರ್ಡ್ ನೆನಪಿದ್ದರೆ ಮಾತ್ರ ಅದಕ್ಕೆ ಕೈ ಹಾಕಿ.

ಪಾಸ್‌ವರ್ಡ್ ಅಂದಾಗ ಒಂದು ಮಾತು ಹೇಳಲೇಬೇಕು. ಕ್ಯಾಮೆರಾ ಹಾಕಲು ಬಂದ ಹುಡುಗ ಎಷ್ಟೋ ಸಲ ತನ್ನದೇ ಇಮೇಲ್, ತನ್ನದೇ ನಂಬರ್ ಕೊಟ್ಟು ಅಕೌಂಟ್ ತೆರೆದು ನಿಮ್ಮ ಫೋನಿನಲ್ಲಿ ಲಾಗಿನ್ ಮಾಡಿಕೊಟ್ಟು ಹೋಗಿರುತ್ತಾನೆ. ಒಂದು ದಿನ ಆ್ಯಪ್ ಲಾಗೌಟ್ ಆಗುತ್ತದೆ, ಓಟಿಪಿ ಅವನ ಫೋನಿಗೆ ಹೋಗುತ್ತದೆ. ಅದಕ್ಕಿಂತ ದೊಡ್ಡ ವಿಷಯ, ನಿಮ್ಮ ಅಂಗಳ ಅವನಿಗೂ ಕಾಣುತ್ತಿರುತ್ತದೆ. ಅವನು ಒಳ್ಳೆಯವನೇ ಇರಬಹುದು, ಆದರೂ ಮನೆಯ ಕ್ಯಾಮೆರಾ ಮನೆಯವರ ಹೆಸರಿನಲ್ಲೇ ಇರಬೇಕು. ಈಗಲೇ ಆ್ಯಪ್‌ನ ಪ್ರೊಫೈಲ್ ತೆರೆದು ಯಾರ ಇಮೇಲ್ ಇದೆ ನೋಡಿ. ಬೇರೆಯವರದ್ದಾಗಿದ್ದರೆ ಮುಂದಿನ ಸಲ ಊರಿಗೆ ಹೋದಾಗ ಅವರಿಂದಲೇ ಕ್ಯಾಮೆರಾ ಬಿಡಿಸಿಕೊಂಡು ನಿಮ್ಮ ಅಕೌಂಟಿಗೆ ಸೇರಿಸಿ. ಮನೆಯ ಉಳಿದವರಿಗೆ ಆ್ಯಪ್‌ನಲ್ಲೇ 'ಶೇರ್' ಮಾಡಿ, ಒಂದೇ ಪಾಸ್‌ವರ್ಡನ್ನು ಎಲ್ಲರಿಗೂ ಹಂಚಬೇಡಿ.

ಇನ್ನು ಮನೆಗೆ ಫೋನ್ ಮಾಡಿ

ಫೋನಿನಲ್ಲಿ ಎಲ್ಲ ಸರಿ ಇದ್ದರೆ ತೊಂದರೆ ಊರಿನ ಕಡೆ. ಸುಮ್ನೆ 'ನೆಟ್ ಇದೆಯಾ?' ಅಂತ ಕೇಳಿದರೆ ಪ್ರಯೋಜನ ಇಲ್ಲ, ಅವರ ಮೊಬೈಲಿನಲ್ಲಿ ಡೇಟಾ ಓಡುತ್ತಿದ್ದರೆ 'ಇದೆ' ಅಂದುಬಿಡುತ್ತಾರೆ. ಕಣ್ಣಿಗೆ ಕಾಣುವುದನ್ನು ಕೇಳಿ:

'ಅಮ್ಮ, ಟಿವಿ ಪಕ್ಕ ನೆಟ್ಟಿನ ಬಾಕ್ಸ್ ಇದೆಯಲ್ಲ, ಅದರ ಲೈಟ್ ನೋಡು. ಯಾವುದಾದರೂ ಕೆಂಪಗಿದೆಯಾ?'

'ಒಂದು ಕೆಂಪು ಮಿಣ ಮಿಣ ಅಂತಿದೆ ಕಣೋ. ಉಳಿದದ್ದು ಹಸಿರು.'

ಫೈಬರ್ ನೆಟ್ ಇರುವ ಮನೆಯಲ್ಲಿ ಈ ಒಂದು ಉತ್ತರ ಸಾಕು. ಆ ಕೆಂಪು ಲೈಟಿನ ಹೆಸರು ಎಲ್‌ಓಎಸ್. ಅದು ಹೊತ್ತಿಕೊಂಡರೆ ಬಾಕ್ಸಿಗೆ ಫೈಬರ್‌ನಿಂದ ಬೆಳಕೇ ಬರುತ್ತಿಲ್ಲ ಅಂತ ಅರ್ಥ. ಮಳೆಗಾಲದಲ್ಲಿ ಸಿಲ್ವರ್ ಓಕ್ ಕೊಂಬೆ ಬಿದ್ದು ಕೇಬಲ್ ಹರಿದಿರಬಹುದು, ಅಥವಾ ಗುಡಿಸುವಾಗ ಬಾಕ್ಸ್ ಹಿಂದಿನ ತೆಳು ವೈರ್ ಮಡಚಿರಬಹುದು. ವೈರ್ ಮಡಚಿದ್ದರೆ ನಿಧಾನಕ್ಕೆ ನೇರ ಮಾಡಿ, ಇಲ್ಲದಿದ್ದರೆ ಲೈನಿನವರಿಗೆ ಹೇಳಿ. ಆ್ಯಪ್‌ನಲ್ಲಿ ಏನು ಮಾಡಿದರೂ ಆಗುವುದಿಲ್ಲ.

ಕೆಂಪು ಲೈಟ್ ಇಲ್ಲದಿದ್ದರೆ ಮರುಚಾಲನೆ ಮಾಡಿಸಿ. ಇದಕ್ಕೆ ಒಂದು ಕ್ರಮ ಇದೆ. ನೆಟ್ಟಿನ ಬಾಕ್ಸ್, ಕ್ಯಾಮೆರಾ ಎರಡನ್ನೂ ಆಫ್ ಮಾಡಿ ಅರ್ಧ ನಿಮಿಷ ಬಿಡಬೇಕು. ಮೊದಲು ಬಾಕ್ಸ್ ಹಾಕಿ, ಐದು ನಿಮಿಷ ಕಾದು, ಆಮೇಲೆ ಕ್ಯಾಮೆರಾ. ಕರೆಂಟ್ ಹೋಗಿ ಬಂದಾಗ ಎರಡೂ ಒಟ್ಟಿಗೆ ಏಳುತ್ತವೆ, ವೈಫೈ ಸಿದ್ಧವಾಗುವ ಮುಂಚೆಯೇ ಹುಡುಕಾಡಿ ಕೆಲವು ಕ್ಯಾಮೆರಾಗಳು ಸುಮ್ಮನಾಗಿಬಿಡುತ್ತವೆ. ದಿನಾ ಕರೆಂಟ್ ಹೋಗುವ ಊರಾದರೆ ನೆಟ್ಟಿನ ಬಾಕ್ಸಿಗೆ ಒಂದು ಚಿಕ್ಕ ರೌಟರ್ ಯುಪಿಎಸ್ ಹಾಕಿಸಿ, ಈ ತಾಪತ್ರಯ ತುಂಬಾ ಕಡಿಮೆಯಾಗುತ್ತದೆ. ಹೆಚ್ಚಿನ ಬಾಕ್ಸ್‌ಗಳು 12 ವೋಲ್ಟಿನವು, ಆದರೂ ಕೊಳ್ಳುವ ಮುಂಚೆ ಅಡಾಪ್ಟರ್ ಮೇಲೆ ಬರೆದದ್ದನ್ನು ಓದಿಕೊಳ್ಳಿ.

ಹಗಲು ಚೆನ್ನಾಗಿದೆ, ರಾತ್ರಿ ಮಾತ್ರ ಹೋಗುತ್ತದೆ

ಇದಕ್ಕೆ ಜನ ಆ್ಯಪನ್ನು ಬೈಯುತ್ತಾರೆ, ಕಾರಣ ಹೆಚ್ಚಾಗಿ ಅಡಾಪ್ಟರ್. ಸಂಜೆ ಕತ್ತಲಾಗುವ ಹೊತ್ತಿಗೆ ಕ್ಯಾಮೆರಾ ಹತ್ತಿರ ನಿಂತು ಕೇಳಿ, ಒಳಗೆ 'ಟಿಕ್' ಅಂತ ಸಣ್ಣ ಸದ್ದು ಬರುತ್ತದೆ. ಲೆನ್ಸ್ ಹಿಂದಿನ ಫಿಲ್ಟರ್ ಸರಿದು ಕ್ಯಾಮೆರಾ ರಾತ್ರಿ ನೋಟಕ್ಕೆ ಬದಲಾಗುವ ಸದ್ದು ಅದು. ಆಗಲೇ ಸುತ್ತಲಿನ ಇನ್‌ಫ್ರಾರೆಡ್ ಎಲ್‌ಇಡಿಗಳು ಹೊತ್ತಿಕೊಳ್ಳುತ್ತವೆ, ಕ್ಯಾಮೆರಾ ಎಳೆಯುವ ಕರೆಂಟ್ ಏರುತ್ತದೆ. ಅಡಾಪ್ಟರ್ ದುರ್ಬಲವಾಗಿದ್ದರೆ, ಅಥವಾ ಗೇಟಿನವರೆಗೆ ತೆಳುವಾದ ಯುಎಸ್‌ಬಿ ವೈರ್ ಉದ್ದಕ್ಕೆ ಎಳೆದಿದ್ದರೆ, ವೋಲ್ಟೇಜ್ ಕುಸಿದು ಕ್ಯಾಮೆರಾ ಆಫ್ ಆಗಿ ಆನ್ ಆಗುತ್ತದೆ, ರಾತ್ರಿಯಿಡೀ ಇದೇ ಕಥೆ. ನಿಮ್ಮ ಆ್ಯಪ್‌ನಲ್ಲಿ ರಾತ್ರಿ ನೋಟ ಆಫ್ ಮಾಡುವ ಆಯ್ಕೆ ಇದ್ದರೆ ಒಂದು ರಾತ್ರಿ ಆಫ್ ಮಾಡಿ ನೋಡಿ. ಆಗ ಕ್ಯಾಮೆರಾ ಆನ್‌ಲೈನ್ ಉಳಿದರೆ ಅಡಾಪ್ಟರ್ ಅಥವಾ ವೈರ್ ಬದಲಿಸಿ. ಕ್ಯಾಮೆರಾ ಮೇಲೆ 5 ವೋಲ್ಟ್ 2 ಆಂಪ್ ಅಂತ ಇದ್ದರೆ ಹಳೇ ಮೊಬೈಲಿನ 1 ಆಂಪ್ ಚಾರ್ಜರ್ ಸಾಲದು.

ಹೊರಗಿನ ಕ್ಯಾಮೆರಾ ಆದರೆ ವೈರಿನ ಜಾಯಿಂಟ್ ಬಿಚ್ಚಿ ನೋಡಿ. ನಮ್ಮ ಕಡೆಯ ಮಳೆಗೆ ಒಂದೇ ಮಳೆಗಾಲದಲ್ಲಿ ಪಿನ್ನಿಗೆ ಹಸಿರು ಕಿಲುಬು ಹಿಡಿಯಬಹುದು. ಜಾಯಿಂಟ್ ಅನ್ನು ಮುಚ್ಚಳ ಇರುವ ಪ್ಲಾಸ್ಟಿಕ್ ಬಾಕ್ಸ್ ಒಳಗಿಡಿ. ವೈರ್ ಬಾಕ್ಸಿಗಿಂತ ಸ್ವಲ್ಪ ಕೆಳಗೆ ಜೋತು ಬಿದ್ದು ಆಮೇಲೆ ಮೇಲೆ ಹೋಗುವಂತೆ ಬಿಡಿ, ನೀರು ಅಲ್ಲೇ ತೊಟ್ಟಿಕ್ಕುತ್ತದೆ.

ನೆಟ್ ಬದಲಿಸಿದ ಮೇಲೆ ಹೋಯ್ತಾ?

ಹೊಸ ಬಾಕ್ಸ್ ಬಂದ ದಿನವೇ ಕ್ಯಾಮೆರಾ ಹೋಗಿದ್ದರೆ ಸುಲಭದ ಉಪಾಯ ಇದೆ. ಹೊಸ ವೈಫೈಗೆ ಹಳೆಯ ಹೆಸರು, ಹಳೆಯ ಪಾಸ್‌ವರ್ಡ್ ಎರಡನ್ನೂ ಅಕ್ಷರ ತಪ್ಪದೆ ಇಡಿ, ದೊಡ್ಡಕ್ಷರ ಚಿಕ್ಕಕ್ಷರ ಸಹಿತ. ಹೆಚ್ಚಿನ ಕ್ಯಾಮೆರಾಗಳು ತಾವಾಗಿಯೇ ಸೇರಿಕೊಳ್ಳುತ್ತವೆ, ಏಣಿ ಹತ್ತುವ ಕೆಲಸ ಇಲ್ಲ. ಮನೆ ಕ್ಯಾಮೆರಾಗಳಲ್ಲಿ ತುಂಬಾ ಮಾಡೆಲ್‌ಗಳಿಗೆ 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಹಿಡಿಯುತ್ತದೆ, 5 ಹಿಡಿಯುವುದಿಲ್ಲ. ಹಾಗಾಗಿ ಬಾಕ್ಸಿನಲ್ಲಿ 2.4 ಆನ್ ಇದೆಯಾ ಅಂತ ಲೈನಿನವರಿಂದ ಖಾತ್ರಿ ಮಾಡಿಸಿಕೊಳ್ಳಿ. ಹಳೇ ಮನೆಗಳ ದಪ್ಪ ಗೋಡೆಯೂ ಸಿಗ್ನಲ್ ತಿನ್ನುತ್ತದೆ. ಕ್ಯಾಮೆರಾ ಇರುವ ಜಾಗದಲ್ಲಿ ಮೊಬೈಲ್ ಹಿಡಿದಾಗ ವೈಫೈ ಒಂದೇ ಗೀಟು ತೋರಿಸಿದರೆ ಕಿಟಕಿ ಹತ್ತಿರ ವೈಫೈಯನ್ನು ಮುಂದಕ್ಕೆ ದಾಟಿಸುವ ಒಂದು ರಿಪೀಟರ್ ಬೇಕು.

ವೈಫೈ ಇಲ್ಲದೆ 4ಜಿ ಸಿಮ್ ಹಾಕುವ ಕ್ಯಾಮೆರಾ ಆದರೆ ಮೊದಲು ರೀಚಾರ್ಜ್ ನೋಡಿ. ಆಮೇಲೆ ಲೆಕ್ಕ ನೋಡಿ: ಲೈವ್ ವಿಡಿಯೊ ಸೆಕೆಂಡಿಗೆ 1 ಮೆಗಾಬಿಟ್ ಹರಿದರೂ ಗಂಟೆಗೆ 450 ಎಂಬಿ ಆಯಿತು. ದಿನಕ್ಕೆ 1.5 ಜಿಬಿ ಪ್ಯಾಕ್ ಮೂರು ಗಂಟೆ ಚಿಲ್ಲರೆಗೆ ಖಾಲಿ. ಆಮೇಲೆ ವೇಗ ಬಿದ್ದು ಆ್ಯಪ್‌ನಲ್ಲಿ ಬರೀ ಚಕ್ರ ತಿರುಗುತ್ತದೆ, ಮಧ್ಯರಾತ್ರಿ ದಾಟಿದ ಮೇಲೆ ತಾನಾಗಿ ಸರಿಯಾಗುತ್ತದೆ. ಕಣದಲ್ಲಿ ಕಾಫಿ, ಮೆಣಸು ಇರುವ ತಿಂಗಳುಗಳಲ್ಲಿ ವಿಡಿಯೊ ಗುಣಮಟ್ಟವನ್ನು ಎಚ್‌ಡಿಯಿಂದ ಎಸ್‌ಡಿಗೆ ಇಳಿಸಿಟ್ಟುಕೊಳ್ಳಿ.

ಲೈವ್ ಬರುತ್ತದೆ, ಹಳೇ ರೆಕಾರ್ಡಿಂಗ್ ಇಲ್ಲ ಅಂದರೆ ಅದು ಮೆಮೊರಿ ಕಾರ್ಡಿನ ಅಥವಾ ಮುಗಿದುಹೋದ ಕ್ಲೌಡ್ ಪ್ಲಾನಿನ ವಿಷಯ. ಕಾರ್ಡ್ ಮೇಲೆ ಹಗಲೂ ರಾತ್ರಿ ಬರೆದು ಅಳಿಸಿ ನಡೆಯುತ್ತಿರುತ್ತದೆ, ಅದು ಸವೆಯುತ್ತದೆ. ಸಿಸಿಟಿವಿಗೆಂದೇ ಬರುವ 'ಹೈ ಎಂಡ್ಯೂರೆನ್ಸ್' ಕಾರ್ಡ್ ಹಾಕಿ.

ಇಷ್ಟಾದರೂ ಆಗಲಿಲ್ಲ ಅಂದಾಗ ರೀಸೆಟ್. ಯಾರಾದರೂ ಸ್ಥಳದಲ್ಲಿರುವಾಗ, ವೈಫೈ ಪಾಸ್‌ವರ್ಡ್ ಕೈಯಲ್ಲಿದ್ದಾಗ, ಹಗಲಲ್ಲಿ ಮಾಡಿ. ಬಟನ್ ಅನ್ನು ಸುಮಾರು ಹತ್ತು ಸೆಕೆಂಡ್ ಒತ್ತಿ ಹಿಡಿದರೆ ಲೈಟ್ ಬದಲಾಗುತ್ತದೆ ಅಥವಾ ಧ್ವನಿ ಬರುತ್ತದೆ.

ಕಸ್ಟಮರ್ ಕೇರ್ ನಂಬರನ್ನು ಗೂಗಲ್‌ನಲ್ಲಿ ಹುಡುಕಬೇಡಿ, ಆ್ಯಪ್ ಒಳಗಿನ 'ಹೆಲ್ಪ್' ಅಥವಾ ಡಬ್ಬಿಯ ಮೇಲಿನ ನಂಬರಿಗೇ ಮಾಡಿ. ಸರಿ ಮಾಡಿಕೊಡುತ್ತೇವೆ, ಸ್ಕ್ರೀನ್ ಶೇರ್ ಆ್ಯಪ್ ಹಾಕಿಕೊಳ್ಳಿ, ಹತ್ತು ರೂಪಾಯಿ ಕಳಿಸಿ ಅಂದರೆ ಫೋನ್ ಇಡಿ. ಹಣ ಹೋಗಿಬಿಟ್ಟಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಸಿಡಿಲಿಗೆ ಕ್ಯಾಮೆರಾ ಸುಟ್ಟೇ ಹೋಗಿದ್ದರೆ ಬೇರೆ ದಾರಿ ಇಲ್ಲ, ಅಂಗಡಿಗೆ ಒಯ್ಯಬೇಕು. ಕೊಡುವ ಮುಂಚೆ ಮೆಮೊರಿ ಕಾರ್ಡ್ ತೆಗೆದಿಟ್ಟುಕೊಳ್ಳಿ, ಮನೆಯವರ ಓಡಾಟವೆಲ್ಲ ಅದರಲ್ಲಿರುತ್ತದೆ.